ಅಣ್ಣನಿಗೆ ಎಲ್ಲ ಅಡುಗೆ ಗೊತ್ತು, ಆದರೆ ಊಟ ಹೊತ್ತಿಗೆ ಆಗ್ತಿಲ್ಲ. ತಲೆಗೆ ಪೆಟ್ಟು ಬಿದ್ದರೆ ಹೀಗೂ ಆಗುತ್ತಾ?

ರಘು_ಹನುಮಂತನಗರ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ಬೇಜಾರು ಮಾಡ್ಕೋಬೇಡಿ.

ನಮ್ಮಣ್ಣ ಅಡುಗೆ ಕಾಂಟ್ರಾಕ್ಟರ್. ಮದುವೆ, ಮುಂಜಿ, ಗೃಹಪ್ರವೇಶ ಎಲ್ಲ ಮಾಡುತ್ತಾನೆ. ಬಸವನಗುಡಿ, ಚಾಮರಾಜಪೇಟೆ ಕಡೆ ಸುಮಾರು ಮನೆಗಳಿಗೆ ಅವನೇ ಖಾಯಂ. ನಾನು ಲೆಕ್ಕಪತ್ರ, ಬಡಿಸೋ ಹುಡುಗರನ್ನ ನೋಡಿಕೊಳ್ಳುತ್ತೇನೆ. ಕಳೆದ ಮಳೆಗಾಲದಲ್ಲಿ ಕನಕಪುರ ರಸ್ತೆಯಲ್ಲಿ ಬೈಕ್ ಜಾರಿ ಬಿದ್ದ. ಹೆಲ್ಮೆಟ್ ಇತ್ತು, ಪಟ್ಟಿ ಹಾಕಿರಲಿಲ್ಲ. ಸ್ಕ್ಯಾನ್ ಮಾಡಿ ಎರಡೂ ಕಡೆ ಫ್ರಂಟಲ್ ಲೋಬಿಗೆ ಪೆಟ್ಟಾಗಿದೆ, ಸ್ವಲ್ಪ ರಕ್ತ ಕಟ್ಟಿದೆ ಅಂದರು. ಆಪರೇಷನ್ ಬೇಕಾಗಲಿಲ್ಲ. ಈಗ ಕೈಕಾಲು ಸರಿಯಿದೆ, ಮಾತು ಸರಿಯಿದೆ. ಯಾವ ಮದುವೆಯಲ್ಲಿ ಯಾರು ಎಷ್ಟು ದುಡ್ಡು ಬಾಕಿ ಇಟ್ಟಿದ್ದಾರೆ ಅನ್ನೋದೂ ನೆನಪಿದೆ.

ಸಮಸ್ಯೆ ಬೇರೆ. ಮೊನ್ನೆ ಕತ್ರಿಗುಪ್ಪೆಯಲ್ಲಿ ಒಂದು ಗೃಹಪ್ರವೇಶ, 120 ಜನ. ಅವನಿಗೆ ಅದು ಯಾವ ಲೆಕ್ಕ? ಕೋಸಂಬರಿ, ಬೀನ್ಸ್ ಪಲ್ಯ, ಚಿತ್ರಾನ್ನ, ಹುಳಿ, ಸಾರು, ಆಂಬೊಡೆ, ಶ್ಯಾವಿಗೆ ಪಾಯಸ. ಹನ್ನೆರಡೂವರೆಗೆ ಮೊದಲ ಪಂಕ್ತಿ. ಹನ್ನೊಂದು ಗಂಟೆಗೆ ನಾನು ಹಿಂದುಗಡೆ ಹೋಗಿ ನೋಡಿದರೆ ಬೇಳೆ ಒಲೆ ಮೇಲೇ ಹೋಗಿಲ್ಲ. ಅನ್ನ ಮಾತ್ರ ಆಗಲೇ ಬಸಿದು ಆರಿ ಹೋಗಿದೆ. ಅಣ್ಣ ಒಂದು ಮೂಲೆಯಲ್ಲಿ ಕೂತು ಸೌತೆಕಾಯಿ ಹೆಚ್ಚುತ್ತಿದ್ದ. ಕೋಸಂಬರಿಗೆ ಬೇಕಾದ್ದು ಯಾವಾಗಲೋ ಮುಗಿದಿದೆ, ಬುಟ್ಟಿಯಲ್ಲಿ ಇರೋದೆಲ್ಲ ಹೆಚ್ಚುತ್ತಾ ಇದ್ದಾನೆ. "ಅಣ್ಣ, ಬೇಳೆ?" ಅಂದೆ. "ಹೌದಲ್ವಾ, ಬೇಳೆ ಇಡಬೇಕು, ತಡ ಆಯ್ತು" ಅಂದ. ಅಂದು ಮತ್ತೆ ಸೌತೆಕಾಯಿ ಹೆಚ್ಚಿದ. ಸಹಾಯಕರು ಅವನು ಹೇಳದೆ ಏನೂ ಮುಟ್ಟಲ್ಲ, ಅದೇ ಅಭ್ಯಾಸ. ಊಟ ಒಂದೂಮುಕ್ಕಾಲಿಗೆ ಶುರುವಾಯ್ತು. ಹುಳಿ ರುಚಿ ಮಾತ್ರ ಮೊದಲಿನ ಹಾಗೇ ಇತ್ತು!

ಮನೆ ಯಜಮಾನರು ತಡ ಯಾಕೆ ಅಂತ ಕೇಳಿದ್ದಕ್ಕೆ ಎಲ್ಲರ ಎದುರಿಗೇ "ಇಷ್ಟು ದೊಡ್ಡ ಮನೆ ಕಟ್ಟಿದೀರಿ, ಊಟಕ್ಕೆ ಮಾತ್ರ ತಲೆಗೆ ಹತ್ತು ರೂಪಾಯಿ ಚೌಕಾಸಿ ಮಾಡಿದ್ರಲ್ಲ" ಅಂದ. ನಿಜವೇ, ಅವರು ಚೌಕಾಸಿ ಮಾಡಿದ್ದರು. ಆದರೆ ನಮ್ಮಣ್ಣ ಹಾಗೆ ಮಾತಾಡೋ ಮನುಷ್ಯನೇ ಅಲ್ಲ. ಕೆ.ಆರ್. ಮಾರ್ಕೆಟ್ಟಿಗೆ ಕಳಿಸಿದರೆ ರೇಟು ಚೆನ್ನಾಗಿತ್ತು ಅಂತ ಒಂದು ಟೆಂಪೋ ಬೂದುಗುಂಬಳ ತಂದ. ಯಾರ ಮದುವೆಗೆ ಅಂದರೆ ಉತ್ತರ ಇಲ್ಲ. ಕೆಲಸ ಇಲ್ಲದ ದಿನ ಹೇಳೋವರೆಗೂ ಸ್ನಾನಕ್ಕೂ ಏಳಲ್ಲ.

ಆಸ್ಪತ್ರೆಯಲ್ಲಿ ತಾರೀಕು ಕೇಳಿದರು, ಮೂರು ಪದ ಹೇಳಿ ನೆನಪಿಟ್ಟುಕೋ ಅಂದರು, ನೂರರಿಂದ ಏಳು ಕಳೆಯುತ್ತಾ ಹೋಗು ಅಂದರು. ಎಲ್ಲ ಸರಿಯಾಗಿ ಹೇಳಿದ. ನಾರ್ಮಲ್ ಅಂತ ಬರೆದುಕೊಟ್ಟರು. ಅತ್ತಿಗೆ ಅದನ್ನೇ ಹಿಡ್ಕೊಂಡು "ಎಲ್ಲ ಬೇಕಂತಲೇ ಮಾಡ್ತಾರೆ, ಸೋಮಾರಿತನ" ಅಂತಾರೆ. ಇದು ಕಾಯಿಲೆಯೋ, ಕೊಬ್ಬೋ? ತಿಳಿದವರು ಹೇಳಿ.


ನಿಶಾಂತ್_ಬಿಟಿಎಂ

ಸರ್, ಫಿನಿಯಸ್ ಗೇಜ್ ಅಂತ ಹುಡುಕಿ ಓದಿ. ಕಬ್ಬಿಣದ ಸರಳು ತಲೆ ಸೀಳಿಕೊಂಡು ಹೋಗಿ ಆ ಮನುಷ್ಯ ಪೂರ್ತಿ ಬೇರೆಯವನೇ ಆಗಿಬಿಟ್ಟ. ಫ್ರಂಟಲ್ ಲೋಬ್ ಹೋದರೆ ಮನುಷ್ಯನ ಸ್ವಭಾವವೇ ಹೋಗುತ್ತೆ. ವಾಪಸ್ ಬರಲ್ಲ. ಬೇಜಾರಾಗಬಹುದು, ಆದರೆ ಅದೇ ನಿಜ.


ಪದ್ಮಾ_ಜಯನಗರ

ರಘು ಅವರೇ, ನಾನು ನ್ಯೂರೋಸೈಕಾಲಜಿಯಲ್ಲಿ ಕೆಲಸ ಮಾಡಿ ನಿವೃತ್ತಳಾದವಳು. ಇಂಥ ಪರೀಕ್ಷೆಗಳನ್ನು ಮಾಡೋದೇ ನನ್ನ ಕೆಲಸವಾಗಿತ್ತು. ನಿಮ್ಮಣ್ಣನನ್ನು ನೋಡದೆ ರೋಗ ಹೆಸರಿಸಲಾರೆ. ಆದರೆ ನೀವು ಬರೆದಿರೋದು ಸೋಮಾರಿತನದ ಚಿತ್ರ ಅಲ್ಲ. ಆ ಸೌತೆಕಾಯಿ ಒಂದೇ ಸಾಕು.

ಮೊದಲು ಜಾಗ ಹೇಳ್ತೀನಿ. ಫ್ರಂಟಲ್ ಲೋಬ್ ಅಂದರೆ ಹಣೆಯ ಹಿಂದೆ ಇರುವ ಭಾಗ. ಮಿದುಳಿನ ಹೊರಪದರದಲ್ಲಿ ಸುಮಾರು ಮೂರನೇ ಒಂದು ಪಾಲು ಇದೇ. ಅದರ ಹಿಂಬದಿಯ ಪಟ್ಟಿ ಕೈಕಾಲು ಆಡಿಸುತ್ತೆ. ಎಡಗಡೆ ಕೆಳಭಾಗದಲ್ಲಿ ಮಾತು ಹೊರಡಿಸೋ ಜಾಗ ಇದೆ, 1861ರಲ್ಲೇ ಪ್ಯಾರಿಸ್ಸಿನ ಪಾಲ್ ಬ್ರೋಕಾ ತೋರಿಸಿದ್ದು. ನಿಮ್ಮಣ್ಣನಿಗೆ ಅವೆರಡೂ ಉಳಿದಿವೆ. ಪೆಟ್ಟು ಬಿದ್ದಿರೋದು ಇನ್ನೂ ಮುಂದೆ ಇರಬೇಕು. ಬೈಕ್ ಅಪಘಾತದಲ್ಲಿ ಇದು ತುಂಬಾ ಸಾಮಾನ್ಯ. ಕಣ್ಣುಗುಳಿಯ ಮೇಲಿನ ಮೂಳೆ ತಲೆಯೊಳಗಿನಿಂದ ನುಣುಪಾಗಿಲ್ಲ, ದಿಣ್ಣೆ ದಿಣ್ಣೆಯಾಗಿದೆ. ಬಿದ್ದ ರಭಸಕ್ಕೆ ಮಿದುಳು ಮುಂದಕ್ಕೆ ಜಾರಿ ಅದಕ್ಕೆ ಉಜ್ಜಿಕೊಳ್ಳುತ್ತೆ.

ಮುಂಭಾಗದ ಕೆಲಸ ಏನು? ನಿಮ್ಮ ಕಸುಬಿನಲ್ಲೇ ಹೇಳ್ತೀನಿ. ದೊಡ್ಡ ಅಡುಗೆಮನೆಯಲ್ಲಿ ಹೆಚ್ಚೋರು, ರುಬ್ಬೋರು, ಕರಿಯೋರು ಬೇರೆ ಬೇರೆ ಇರ್ತಾರೆ. ಮುಖ್ಯ ಭಟ್ಟರು ಸೌಟು ಮುಟ್ಟದೇ ಇರಬಹುದು. ಆದರೆ ಯಾವುದು ಮೊದಲು, ಯಾವುದು ಸಾಕು, ಯಾವುದು ಈಗ ಬೇಡ ಅಂತ ಹೇಳೋರು ಅವರೇ. ನಿಮ್ಮಣ್ಣನ ತಲೆಯಲ್ಲಿ ಕೆಲಸದವರೆಲ್ಲ ಹಾಗೇ ಇದ್ದಾರೆ, ಅದಕ್ಕೇ ಹುಳಿ ರುಚಿ ಕೆಟ್ಟಿಲ್ಲ. ಹೇಳೋರ ದನಿ ಸಣ್ಣದಾಗಿದೆ.

ಇದಕ್ಕೆ ಸರಿಯಾಗಿ ಹೊಂದೋ ಒಂದು ನಿಜವಾದ ಪ್ರಕರಣ ಇದೆ. ಕೆನಡಾದ ಮಾಂಟ್ರಿಯಲ್‌ನಲ್ಲಿ ವೈಲ್ಡರ್ ಪೆನ್‌ಫೀಲ್ಡ್ ಅಂತ ದೊಡ್ಡ ನರಶಸ್ತ್ರವೈದ್ಯ ಇದ್ದರು. 1928ರಲ್ಲಿ ಅವರು ತಮ್ಮ ಸ್ವಂತ ಅಕ್ಕನಿಗೇ ಆಪರೇಷನ್ ಮಾಡಿದರು. ಬಲಗಡೆ ಫ್ರಂಟಲ್ ಲೋಬಿನಲ್ಲಿ ಗಡ್ಡೆ. ಅದರ ಜೊತೆಗೆ ಲೋಬಿನ ಬಹುಭಾಗ ತೆಗೆಯಬೇಕಾಯ್ತು. ಆಕೆ ಚೇತರಿಸಿಕೊಂಡರು. ಮಾತು, ನಗು, ಬುದ್ಧಿ ಎಲ್ಲ ನೆಟ್ಟಗಿತ್ತು. ವರ್ಷದ ಮೇಲೆ ಒಂದು ದಿನ ತಮ್ಮನನ್ನ ಊಟಕ್ಕೆ ಕರೆದರು. ಮನೆಯವರು ನಾಲ್ಕು ಜನ, ಅತಿಥಿ ಒಬ್ಬರು. ಇಡೀ ದಿನ ಕೈಯಲ್ಲಿತ್ತು. ಊಟದ ಹೊತ್ತಿಗೆ ನೋಡಿದರೆ ಸಾಮಾನೆಲ್ಲ ಅಡುಗೆಮನೆಯಲ್ಲೇ ಇದೆ, ಒಂದೆರಡು ಪಾತ್ರೆ ಒಲೆ ಮೇಲಿದೆ, ಸಾಲಡ್ ಆಗಿಲ್ಲ, ಮಾಂಸ ಶುರುವೇ ಆಗಿಲ್ಲ. ಆಕೆ ದಿಕ್ಕು ತೋಚದೆ ಕಂಗಾಲಾಗಿ ನಿಂತಿದ್ದರು. ಪೆನ್‌ಫೀಲ್ಡ್ ಇದನ್ನ 1935ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ಬರೆದರು. ಜನ ಇಲ್ಲಿಗೇ ಕತೆ ನಿಲ್ಲಿಸ್ತಾರೆ. ಮುಂದಿನ ಸಾಲು ನಿಮಗೆ ಬೇಕಾದ್ದು. ಬೇರೆಯವರು ಕೈ ಹಾಕಿದ ಕೂಡಲೇ ಅಡುಗೆ ಬೇಗ ಮುಗಿಯಿತು. ಊಟಕ್ಕೆ ಕೂತಾಗ ಆಕೆ ಎಲ್ಲರ ಹಾಗೆ ಮಾತಾಡಿಕೊಂಡು ನಗ್ತಾ ಇದ್ದರು.

ಸರಿ, ಹಾಗಾದರೆ ಪರೀಕ್ಷೆ ಯಾಕೆ ನಾರ್ಮಲ್ ಬಂತು? ನಾನು ಹೇಳಬೇಕಾದ ಮುಖ್ಯ ವಿಷಯ ಇದು. ಪರೀಕ್ಷೆಯ ಕೋಣೆಯಲ್ಲಿ ರೋಗಿಯ ಎದುರಿಗೆ ನಮ್ಮಂಥೋರು ಕೂತಿರ್ತೀವಿ. ಏನು ಮಾಡಬೇಕು ಅಂತ ನಾವೇ ಹೇಳ್ತೀವಿ. ಯಾವಾಗ ಶುರು, ಯಾವಾಗ ಸಾಕು, ಎಲ್ಲ ನಾವೇ. ಒಂದು ಸಲಕ್ಕೆ ಒಂದೇ ಕೆಲಸ, ಫೋನ್ ಇಲ್ಲ, ಗಲಾಟೆ ಇಲ್ಲ. ಅಂದರೆ ಆ ಹೊತ್ತಿಗೆ ಅವನ ಫ್ರಂಟಲ್ ಲೋಬಿನ ಕೆಲಸವನ್ನ ಮೇಜಿನ ಈಚೆ ಕೂತವರೇ ಮಾಡಿಕೊಡ್ತಾ ಇರ್ತಾರೆ! ಕೋಣೆಯಿಂದ ಆಚೆ ಹೋದರೆ ಆ ಸಹಾಯ ಇಲ್ಲ.

1991ರಲ್ಲಿ ಟಿಮ್ ಶಾಲಿಸ್, ಪಾಲ್ ಬರ್ಜೆಸ್ ಅನ್ನೋ ಇಬ್ಬರು ಲಂಡನ್ನಿನಲ್ಲಿ ಇದನ್ನೇ ತೋರಿಸಿದರು. ತಲೆಗೆ ಪೆಟ್ಟಾದ ಮೂವರು. ಬುದ್ಧಿ ಪರೀಕ್ಷೆಯಲ್ಲಿ ಚೆನ್ನಾಗಿ ಮಾಡಿದವರು. ಅವರನ್ನ ಅಂಗಡಿ ಬೀದಿಗೆ ಕಳಿಸಿದರು. ಬ್ರೆಡ್ ತಗೋ, ಗಂಟಲಿನ ಮಾತ್ರೆ ತಗೋ, ನಿನ್ನೆ ದೇಶದಲ್ಲಿ ಯಾವ ಊರಲ್ಲಿ ಜಾಸ್ತಿ ಚಳಿ ಇತ್ತು ತಿಳ್ಕೊಂಡು ಬಾ, ಇಷ್ಟು ಹೊತ್ತಾದ ಮೇಲೆ ಇಂಥ ಕಡೆ ಬಂದು ನಿಲ್ಲು. ಒಂದೊಂದೂ ಮಗು ಮಾಡೋ ಕೆಲಸ. ಆದರೆ ಯಾವುದನ್ನ ಯಾವಾಗ ಅಂತ ಹೇಳೋರಿಲ್ಲ. ಅಲ್ಲಿ ಮೂವರೂ ಎಡವಿದರು. ನಿಮ್ಮಣ್ಣನಿಗೆ ಕತ್ರಿಗುಪ್ಪೆಯ ಗೃಹಪ್ರವೇಶವೇ ಆ ಪರೀಕ್ಷೆ ಆಯ್ತು.

ಇನ್ನು ಸೌತೆಕಾಯಿ. ಫ್ರೆಂಚ್ ವೈದ್ಯ ಫ್ರಾಂಸ್ವಾ ಲೆರ್ಮಿತ್ 1983ರಲ್ಲಿ ಒಂದು ವಿಚಿತ್ರ ನಡವಳಿಕೆ ಬಗ್ಗೆ ಬರೆದರು. ಫ್ರಂಟಲ್ ಲೋಬಿಗೆ ಪೆಟ್ಟಾದ ಕೆಲವರ ಮುಂದೆ ಸುಮ್ನೆ ಲೋಟ, ಹೂಜಿ ಇಟ್ಟರೆ ನೀರು ಬಗ್ಗಿಸಿ ಕುಡೀತಾರೆ. ಕನ್ನಡಕ ಕೊಟ್ಟರೆ ಹಾಕ್ಕೋತಾರೆ, ಇನ್ನೊಂದು ಕೊಟ್ಟರೆ ಅದರ ಮೇಲೇ ಹಾಕ್ಕೋತಾರೆ. ಯಾರೂ ಹೇಳಿರಲ್ಲ. ಎದುರಿಗಿರೋ ವಸ್ತುವೇ ಕೈಯನ್ನ ಎಳೆಯುತ್ತೆ. ನಮಗೂ ಆ ಎಳೆತ ಇದೆ, ಆದರೆ ಒಳಗಿನಿಂದ "ಈಗ ಬೇಡ" ಅಂತ ಬರುತ್ತೆ. ಈಳಿಗೆ ಮುಂದೆ ಇದೆ, ಬುಟ್ಟಿಯಲ್ಲಿ ಸೌತೆಕಾಯಿ ಇದೆ. ಬೇಳೆ ಸ್ಟೋರಿನಲ್ಲಿದೆ, ಕಣ್ಣಿಗೆ ಬೀಳ್ತಿಲ್ಲ. ನಿಮ್ಮಣ್ಣನದು ಲೆರ್ಮಿತ್ ಹೇಳಿದಷ್ಟು ಜೋರಾಗಿಲ್ಲ, ಆದರೆ ಜಾಡು ಅದೇ ಅನ್ಸುತ್ತೆ.

ಯಜಮಾನರಿಗೆ ಅಂದ ಮಾತು, ಬೂದುಗುಂಬಳ ಎರಡೂ ಒಂದೇ ಗುಂಪು. ಕಣ್ಣಿನ ಮೇಲ್ಗಡೆ ಇರೋ ಕೆಳಭಾಗಕ್ಕೆ ಪೆಟ್ಟಾದರೆ ಬಾಯಿಗೆ ತಡೆ ಕಡಿಮೆಯಾಗುತ್ತೆ, ಮುಂದೆ ನಷ್ಟ ಆಗುತ್ತೆ ಅನ್ನೋ ಅಳುಕು ಹೊಟ್ಟೆಯಲ್ಲಿ ಹುಟ್ಟಲ್ಲ. ಎರಡು ಲೋಬುಗಳ ನಡುವಿನ ಒಳಭಾಗಕ್ಕೆ ಪೆಟ್ಟಾದರೆ ಶುರು ಮಾಡೋದೇ ಕಷ್ಟ. ಸ್ನಾನಕ್ಕೆ ಏಳದೇ ಇರೋದು ಅಲ್ಲಿಂದ. ಸೋಮಾರಿ ಆದವನಿಗೆ ಟಿವಿ ನೋಡೋಕಾದರೂ ಆಸೆ ಇರುತ್ತೆ. ಹೊರಬದಿಗೆ ಪೆಟ್ಟಾದರೆ ಯೋಜನೆ, ಸರದಿ ತಪ್ಪುತ್ತೆ. ಹೀಗೆ ಗೆರೆ ಎಳೆದು ಹೇಳೋದು ಅರ್ಥ ಆಗಲಿ ಅಂತ ಅಷ್ಟೇ. ಪೆಟ್ಟು ಗಡಿ ನೋಡಿಕೊಂಡು ಬೀಳಲ್ಲ.

ನಿಶಾಂತ್, ಗೇಜ್ ಕತೆ ಅರ್ಧ ಹೇಳಿದ್ರಿ. 1848ರಲ್ಲಿ ವರ್ಮಾಂಟಿನಲ್ಲಿ ರೈಲು ಹಳಿಗೆ ಬಂಡೆ ಒಡೆಯುವಾಗ ಮೂರೂವರೆ ಅಡಿಗಿಂತ ಉದ್ದದ ಸರಳು ಅವನ ಕೆನ್ನೆಯಿಂದ ಹೊಕ್ಕು ನೆತ್ತಿಯಿಂದ ಹೊರಬಂತು. ಆಮೇಲೆ ಒರಟನಾದ, ಹೊಯ್ದಾಟದ ಮನುಷ್ಯನಾದ ಅಂತ ಅವನ ವೈದ್ಯ ಹಾರ್ಲೋ ಬರೆದಿದ್ದು ನಿಜ. ಆದರೆ ಅದೇ ಗೇಜ್ ಆಮೇಲೆ ಚಿಲಿ ದೇಶಕ್ಕೆ ಹೋಗಿ ವರ್ಷಗಟ್ಟಲೆ ಕುದುರೆ ಸಾರೋಟು ಓಡಿಸಿದ. ಹೊತ್ತಿಗೆ ಸರಿಯಾಗಿ ಕುದುರೆ ಕಟ್ಟಬೇಕು, ಜನರನ್ನ ಹತ್ತಿಸಬೇಕು, ಅದೇ ದಾರಿಯಲ್ಲಿ ಹೋಗಬೇಕು. ದಿನಚರಿ ಗಟ್ಟಿಯಾಗಿದ್ದ ಆ ಕೆಲಸವೇ ಅವನನ್ನ ನಿಲ್ಲಿಸಿತು ಅಂತ ಕೆಲವು ಇತಿಹಾಸಕಾರರು ವಾದಿಸ್ತಾರೆ. ನನಗೂ ಹಾಗೇ ಅನ್ಸುತ್ತೆ. "ವಾಪಸ್ ಬರಲ್ಲ" ಅಂತ ಮನೆಯವರಿಗೆ ಹೀಗೆ ಒಂದೇ ಏಟಿಗೆ ಹೇಳಬೇಡಿ, ಪ್ಲೀಸ್.

ರಘು, ನಿಮ್ಹಾನ್ಸಿನಲ್ಲಿ ನ್ಯೂರೋಸೈಕಾಲಜಿ ಪರೀಕ್ಷೆ ಪೂರ್ತಿಯಾಗಿ ಮಾಡಿಸಿ. ಹತ್ತು ನಿಮಿಷದ್ದಲ್ಲ, ಗಂಟೆಗಟ್ಟಲೆ ಹಿಡಿಯುತ್ತೆ. ನಮ್ಮ ಜನರ ಅಳತೆಗೆ ಹೊಂದಿಸಿ 2004ರಲ್ಲಿ ಅವರೇ ಹೊರತಂದ ಪರೀಕ್ಷೆಗಳಿವೆ. ಹೋಗುವಾಗ ಇಲ್ಲಿ ಬರೆದಿದ್ದನ್ನೇ ಪ್ರಿಂಟ್ ಹಾಕಿ ತಗೊಂಡು ಹೋಗಿ. ಪರೀಕ್ಷೆ ಮಾಡೋರಿಗೆ ಅಂಕಿಗಳಷ್ಟೇ ಇದೂ ಮುಖ್ಯ.


ರಘು_ಹನುಮಂತನಗರ

ಮೇಡಂ, ತುಂಬಾ ಉಪಕಾರ ಆಯ್ತು. ಅತ್ತಿಗೆಗೆ ಓದಿ ಹೇಳಿದೆ. ಅವರದು ಒಂದೇ ಪ್ರಶ್ನೆ. "ಬೇಳೆ ಇಡಬೇಕು ಅಂತ ಬಾಯಲ್ಲಿ ಹೇಳ್ತಾರೆ ಅಂದಮೇಲೆ ಗೊತ್ತು ಅಂತ ಆಯ್ತಲ್ಲ. ಗೊತ್ತಿದ್ದೂ ಮಾಡದೇ ಇದ್ದರೆ ಅದು ಬೇಕಂತಲೇ ಅಲ್ವಾ?"


ಪದ್ಮಾ_ಜಯನಗರ

ಅತ್ತಿಗೆಯವರ ಪ್ರಶ್ನೆ ನಮ್ಮ ವಿದ್ಯಾರ್ಥಿಗಳ ಪ್ರಶ್ನೆಗಿಂತ ಚೆನ್ನಾಗಿದೆ.

ಬ್ರೆಂಡಾ ಮಿಲ್ನರ್ ಅನ್ನೋ ಮನಶ್ಶಾಸ್ತ್ರಜ್ಞೆ 1963ರಲ್ಲಿ ಬರೆದದ್ದು ಹೇಳ್ತೀನಿ. ಅವರೂ ಮಾಂಟ್ರಿಯಲ್‌ನವರೇ. ಒಂದು ಇಸ್ಪೀಟು ಥರದ ಪರೀಕ್ಷೆ. ಎಲೆಗಳ ಮೇಲೆ ಬಣ್ಣ ಬಣ್ಣದ ಆಕಾರ ಇರುತ್ತೆ. ಜೋಡಿಸಬೇಕು. ಬಣ್ಣ ನೋಡಿ ಜೋಡಿಸೋದೋ, ಆಕಾರ ನೋಡಿಯೋ, ಎಣಿಕೆ ನೋಡಿಯೋ ಅಂತ ಹೇಳಲ್ಲ. ಪ್ರತಿ ಸಲ ಸರಿ, ತಪ್ಪು ಅಂತ ಮಾತ್ರ ಹೇಳ್ತೀವಿ. ಅವರು ಹಿಡಿದುಕೊಂಡ ಮೇಲೆ ಸದ್ದಿಲ್ಲದೆ ನಿಯಮ ಬದಲಾಯಿಸ್ತೀವಿ. ಮಾಮೂಲಿ ಜನ ನಾಲ್ಕಾರು ಸಲ ತಪ್ಪಿ ಹೊಸ ದಾರಿ ಹಿಡೀತಾರೆ. ಫ್ರಂಟಲ್ ಲೋಬಿನ ಹೊರಬದಿ ತೆಗೆದ ರೋಗಿಗಳು ಹಳೇ ನಿಯಮವನ್ನೇ ಹಿಡಿದು ಹೋಗ್ತಾರೆ. ಅದಕ್ಕಿಂತ ಸೋಜಿಗ ಅಂದರೆ ಕೆಲವರು ಕಾರ್ಡು ಇಡುವಾಗಲೇ "ಇದು ತಪ್ಪು" ಅಂತ ಹೇಳಿ ಇಡ್ತಾರೆ. ಬಾಯಿಗೆ ಗೊತ್ತು, ಕೈಗೆ ತಲುಪಲ್ಲ. ನಾನೂ ಮೇಜಿನ ಈಚೆ ಕೂತು ಇದನ್ನ ನೋಡಿದ್ದೀನಿ. ಒಬ್ಬ ಬಸ್ ಕಂಡಕ್ಟರ್, "ತಪ್ಪು ಅಂತೀರಿ ಮೇಡಂ, ನಂಗೊತ್ತು" ಅಂತ ನಗ್ತಾ ನಗ್ತಾ ಅಲ್ಲೇ ಇಟ್ಟರು. ನಮ್ಮನ್ನ ಆಟ ಆಡಿಸೋಕೆ ಅವರಿಗೆ ಏನು ದರ್ದು ಹೇಳಿ?

ಹಾಗಾಗಿ ಅವರನ್ನ "ಗೊತ್ತಾಯ್ತಾ?" ಅಂತ ಕೇಳಬೇಡಿ. ಗೊತ್ತು ಅಂತಾರೆ, ನಿಜವಾಗಿ ಗೊತ್ತೂ ಇರುತ್ತೆ. ಬಯ್ಯೋದೂ ದಂಡ. ಬುದ್ಧಿ ಹೇಳಿದರೆ ಅದೂ ಗೊತ್ತಿರೋದಕ್ಕೆ ಇನ್ನೊಂದು ಸೇರುತ್ತೆ ಅಷ್ಟೇ. ಆ ಹೊತ್ತಿನಲ್ಲಿ, ಆ ಜಾಗದಲ್ಲಿ ಹೊರಗಿನಿಂದ ಒಂದು ತಟ್ಟು ಬೇಕು.

ಇನ್ನೊಂದು ಮಾತು. ಅವರಿಗೆ ತನಗೇನೂ ಆಗಿಲ್ಲ ಅನ್ನಿಸಬಹುದು. ಅದು ಸುಳ್ಳಲ್ಲ, ಹಟವೂ ಅಲ್ಲ. ನಮ್ಮ ನಡತೆ ಹೇಗಿದೆ ಅಂತ ನಾವೇ ನೋಡಿಕೊಳ್ಳೋದಕ್ಕೂ ಈ ಲೋಬೇ ಬೇಕು.


ಶೇಷು_ಒಗ್ಗರಣೆ

ರಘು ಅವರೇ, ನಾನೂ ಇದೇ ಲೈನಿನವನು, ಮಲ್ಲೇಶ್ವರ ಕಡೆ. ವೈದ್ಯದ ವಿಷಯ ನಂಗೆ ಗೊತ್ತಿಲ್ಲ. ಅಡುಗೆಮನೆ ಬಗ್ಗೆ ಹೇಳ್ತೀನಿ.

ನಿಮ್ಮಣ್ಣನ ಕೈರುಚಿ ಉಳಿದಿದೆ ಅಂದರೆ ಅದು ದೊಡ್ಡ ಬಂಡವಾಳ. ಅವರನ್ನ ಮೇಲ್ವಿಚಾರಣೆಯಿಂದ ಇಳಿಸಿ ಒಂದು ಒಲೆಗೆ ಹಾಕಿ. ಹುಳಿ, ಸಾರು ಎರಡೇ. ಹೊತ್ತು ನೋಡೋ ಕೆಲಸ ಬೇರೆಯವರಿಗೆ. ಸಹಾಯಕರಲ್ಲಿ ಹಳಬ ಒಬ್ಬ ಇರ್ತಾನಲ್ಲ, ಅವನಿಗೆ ಹಿಂದಿನ ದಿನವೇ ಕೂತು ಗಂಟೆ ಲೆಕ್ಕ ಬರೆದುಕೊಡಿ. ಹನ್ನೆರಡೂವರೆ ಪಂಕ್ತಿ ಅಂದರೆ ಹಿಂದಕ್ಕೆ ಎಣಿಸಿಕೊಂಡು ಬನ್ನಿ. ಎಲೆ ಹಾಕೋದು ಹನ್ನೆರಡೂ ಕಾಲು, ಅನ್ನ ಬಸಿಯೋದು ಹನ್ನೆರಡು, ಆಂಬೊಡೆ ಕರಿಯೋಕೆ ಕೂರೋದು ಹನ್ನೊಂದೂಮುಕ್ಕಾಲು, ಹುಳಿಗೆ ಮಸಾಲೆ ಬೀಳೋದು ಹನ್ನೊಂದು, ಬೇಳೆ ಒಲೆ ಮೇಲೆ ಒಂಬತ್ತೂವರೆ. ದೊಡ್ಡ ಅಕ್ಷರದಲ್ಲಿ ಬರೆದು ಗ್ಯಾಸ್ ಸಿಲಿಂಡರ್ ಮೇಲ್ಗಡೆ ಗೋಡೆಗೆ ಅಂಟಿಸಿ. ಮೇಡಂ ಹೇಳಿದ ಮೇಲೆ ಇನ್ನೊಂದು ಹೊಳೀತು. ಕೋಸಂಬರಿಗೆ ಬೇಕಾದಷ್ಟು ಸೌತೆಕಾಯಿ ಅಳೆದು ಕೊಟ್ಟು ಮಿಕ್ಕಿದ್ದನ್ನ ಸ್ಟೋರಿಗೆ ಸಾಗಿಸಿಬಿಡಿ. ಬೇಳೆ, ಹುಣಸೆ, ಮಸಾಲೆ ಅವರ ಕಣ್ಣೆದುರಿಗೇ ಇರಲಿ.

ಮಾರ್ಕೆಟ್ಟಿಗೆ ಒಬ್ಬರನ್ನೇ ಕಳಿಸಬೇಡಿ. ಗಿರಾಕಿಗಳ ಹತ್ತಿರ ದುಡ್ಡಿನ ಮಾತು ನಿಮ್ಮದೇ ಇರಲಿ. ಅಂದಹಾಗೆ ಬೂದುಗುಂಬಳ ಇನ್ನೂ ಇದ್ದರೆ ಹೇಳಿ. ನಮಗೆ ಭಾನುವಾರ ಒಂದು ಮದುವೆ ಇದೆ, ಕಾಶಿ ಹಲ್ವಾ ಮಾಡ್ತಿದ್ದೀವಿ.


ಸುಧಾ_ವಿಜಯನಗರ

ನಮ್ಮ ಯಜಮಾನರಿಗೂ ಹೀಗೇ ಆಗಿತ್ತು. ಅವರದು ಬಾಯಿ ಅಲ್ಲ, ಮೌನ. ಬೆಳಿಗ್ಗೆ ಕೂರಿಸಿದ ಕುರ್ಚಿಯಲ್ಲಿ ಮಧ್ಯಾಹ್ನವೂ ಇರ್ತಿದ್ದರು. ನೆಂಟರೆಲ್ಲ "ಮನಸ್ಸು ಮಾಡಬೇಕು ಕಣಮ್ಮ" ಅಂತ ಅವರಿಗೆ ಹೇಳಿ ಹೋಗೋರು. ಮನಸ್ಸು ಮಾಡೋ ಜಾಗಕ್ಕೇ ಪೆಟ್ಟಾಗಿದೆ ಅಂತ ಯಾರಿಗೆ ಬಿಡಿಸಿ ಹೇಳೋದು? ಅತ್ತಿಗೆಯವರಿಗೆ ಹೇಳಿ, ಅವರ ಸಿಟ್ಟು ನಂಗೆ ಅರ್ಥ ಆಗುತ್ತೆ. ಹೊರಗಿನವರಿಗೆ ಮನುಷ್ಯ ಚೆನ್ನಾಗೇ ಕಾಣ್ತಾರೆ, ಮನೆಯಲ್ಲಿ ಇರೋರಿಗೆ ಮಾತ್ರ ಗೊತ್ತು. ನಮಗೆ ಫೋನಿನ ಅಲಾರಂ ಉಪಯೋಗಕ್ಕೆ ಬಂತು. ಅದರಲ್ಲಿ ಮಗಳ ದನಿಯನ್ನೇ ರೆಕಾರ್ಡ್ ಮಾಡಿ ಹಾಕಿದ್ದೆವು, "ಅಪ್ಪ, ಸ್ನಾನ" ಅಂತ. ನಾನು ಹೇಳಿದರೆ ಜಗಳ ಆಗ್ತಿತ್ತು, ಫೋನ್ ಹೇಳಿದರೆ ಏಳ್ತಿದ್ದರು.


ರಘು_ಹನುಮಂತನಗರ

ಎಲ್ಲರಿಗೂ ಥ್ಯಾಂಕ್ಸ್. ಶೇಷು ಅವರೇ, ಬೂದುಗುಂಬಳ ಇದೆ, ಎಷ್ಟು ಬೇಕೋ ತಗೊಂಡು ಹೋಗಿ! ಗಂಟೆ ಲೆಕ್ಕ ನಮ್ಮ ಹಳೇ ಸಹಾಯಕ ಒಪ್ಪಿಕೊಂಡಿದ್ದಾನೆ. ಅಣ್ಣನಿಗೆ ಹೇಳಿದಾಗ "ನಂಗ್ಯಾಕೋ ಪಟ್ಟಿ" ಅಂದ, ಆದರೆ ಗೋಡೆಗೆ ಅಂಟಿಸಿದ್ದನ್ನ ಕೀಳಲಿಲ್ಲ. ಕೊನೇದಾಗಿ ಎರಡು ಪ್ರಶ್ನೆ, ಮೇಡಂ. ಬೈಕ್ ಕೀ ಕೊಡು ಅಂತ ದಿನಾ ಕೇಳ್ತಾನೆ. ಮತ್ತೆ ಇದು ಇನ್ನೂ ಸುಧಾರಿಸುತ್ತಾ?


ಪದ್ಮಾ_ಜಯನಗರ

ಕೀ ಸದ್ಯಕ್ಕೆ ಕೊಡಬೇಡಿ. ತಲೆಗೆ ಪೆಟ್ಟಾದವರಿಗೆ ಫಿಟ್ಸ್ ಬರೋ ಅಪಾಯ ಇರುತ್ತೆ, ತಡವಾಗಿಯೂ ಬರಬಹುದು. ಗೇಜ್ ಕೂಡ 1860ರಲ್ಲಿ ತೀರಿಕೊಂಡದ್ದು ಫಿಟ್ಸ್ ಬಂದೇ. ಅದೂ ಅಲ್ಲದೆ ಸಿಗ್ನಲ್ಲಿನಲ್ಲಿ ಹಳದಿ ದೀಪ ಕಂಡಾಗ "ಬೇಡ" ಅಂತ ನಿಲ್ಲಿಸೋ ಭಾಗಕ್ಕೇ ಪೆಟ್ಟಾಗಿದೆ. ಯಾವಾಗ ಓಡಿಸಬಹುದು ಅಂತ ನ್ಯೂರಾಲಜಿಸ್ಟ್ ಹೇಳಬೇಕು. ನೀವು ಬೇಡ ಅಂದರೆ ತಮ್ಮನ ಮೇಲೆ ಸಿಟ್ಟು ಬರುತ್ತೆ. ಡಾಕ್ಟರ ಕೈಯಲ್ಲೇ ಹೇಳಿಸಿ, ಚೀಟಿಯಲ್ಲಿ ಬರೆಸಿ. ಫಿಟ್ಸ್ ಮಾತ್ರೆ ಕೊಟ್ಟಿದ್ದರೆ ನೀವಾಗಿ ನಿಲ್ಲಿಸಬೇಡಿ. ಕುಡಿತ ಇದ್ದರೆ ಪೂರ್ತಿ ಬಂದ್.

ಸುಧಾರಣೆ ಮೊದಲ ತಿಂಗಳುಗಳಲ್ಲಿ ವೇಗವಾಗಿ ಕಾಣುತ್ತೆ, ಆಮೇಲೆ ನಿಧಾನ, ಆದರೆ ವರ್ಷಗಟ್ಟಲೆ ಮುಂದುವರಿಯಬಹುದು. ಎಷ್ಟರ ಮಟ್ಟಿಗೆ ಅಂತ ಪರೀಕ್ಷೆ ಮಾಡದೆ ಯಾರೂ ಹೇಳೋಕಾಗಲ್ಲ. ಸುಧಾರಿಸೋ ಬದಲು ದಿನದಿಂದ ದಿನಕ್ಕೆ ಮಂಕಾಗ್ತಾ ಹೋದರೆ, ತಲೆನೋವು, ವಾಂತಿ, ಜಾಸ್ತಿ ನಿದ್ದೆ, ಒಂದು ಕಡೆ ಕೈಕಾಲು ಸೋಲೋದು ಇಂಥದ್ದು ಕಂಡರೆ ಅಪಾಯಿಂಟ್‌ಮೆಂಟ್ ಕಾಯಬೇಡಿ. ಒಳಗೆ ನಿಧಾನವಾಗಿ ರಕ್ತ ಸೇರ್ತಾ ಇರಬಹುದು. ನೇರ ಎಮರ್ಜೆನ್ಸಿಗೆ ಕರ್ಕೊಂಡು ಹೋಗಿ. ಹಳೇ ಸ್ಕ್ಯಾನಿನ ಫಿಲ್ಮು, ಡಿಸ್‌ಚಾರ್ಜ್ ಕಾಗದ ಎಲ್ಲ ಒಂದೇ ಫೈಲಿನಲ್ಲಿ ಹಾಕಿಡಿ, ಹೊರಡುವಾಗ ಹುಡುಕೋ ಹಾಗಾಗಬಾರದು.